ರೈಲಿನ ಸದ್ದು ಒಳಗೆ ಬರದ ರೆಕಾರ್ಡಿಂಗ್: ಮನೆ ಸ್ಟುಡಿಯೋ ಮತ್ತು ಎಲೆಕ್ಟ್ರಿಕ್ ಗಿಟಾರಿನ ಕಥೆ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇವತ್ತಿನ ಸಂಚಿಕೆಗೆ ಅದು ಬೇಕೇ ಬೇಕು, ಯಾಕಂದ್ರೆ ಇವತ್ತಿನ ವಿಷಯವೇ ಸದ್ದು.

ಶಾಲೆ ಟೂರಿನಲ್ಲಿ ಬೇಲೂರಿಗೆ ಹೋಗದೇ ಇರೋರು ನಮ್ಮಲ್ಲಿ ಕಡಿಮೆ. ಚೆನ್ನಕೇಶವ ದೇವಸ್ಥಾನದ ಮದನಿಕೆಯರ ಫೋಟೋ ಎಲ್ಲರೂ ತೆಗೆದಿರುತ್ತೀರಿ. ಆ ಮದನಿಕೆಯರ ಕಾಲ ಪಕ್ಕದಲ್ಲಿ ಪುಟ್ಟ ಪುಟ್ಟ ವಾದ್ಯಗಾರರು ನಿಂತಿದ್ದಾರೆ, ಗಮನಿಸಿದ್ದೀರಾ? ಒಬ್ಬ ಮದ್ದಳೆ ಬಾರಿಸ್ತಾ ಇದ್ದಾನೆ, ಇನ್ನೊಬ್ಬ ತಾಳ ಹಾಕ್ತಾ ಇದ್ದಾನೆ. ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿನ ಗೋಡೆಗಳ ಮೇಲೂ ಇಂಥವರು ಸಾಲು ಸಾಲಾಗಿ ಇದ್ದಾರೆ. ಬೇಲೂರಿನ ಗುಡಿ ಪ್ರತಿಷ್ಠೆಯಾಗಿದ್ದು 1117ರಲ್ಲಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಒಂಬತ್ತು ಶತಮಾನ ಕಳೆದರೂ ಆ ಮದ್ದಳೆಯ ಆಕಾರ ಕಲ್ಲಿನಲ್ಲಿ ಹಾಗೇ ಇದೆ. ಆದರೆ ಅದರ ಸದ್ದು ಒಂದು ಕ್ಷಣದಷ್ಟೂ ಉಳಿದಿಲ್ಲ. ಇನ್ನೊಂದು ವಿಷಯ ನೋಡಿ. ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತುತ್ತಿದ್ದರು. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ, ಇವರ ಹೆಸರು ಬೇಲೂರಿನಲ್ಲಿ ಇವತ್ತಿಗೂ ಓದಬಹುದು. ಅದೇ ಗುಡಿಯಲ್ಲಿ ಮದ್ದಳೆ ನುಡಿಸಿದವರ ಹೆಸರು? ಇಲ್ಲ. ಕೆತ್ತಿದ್ದನ್ನು ಇಟ್ಟುಕೊಳ್ಳಬಹುದಿತ್ತು, ನುಡಿಸಿದ್ದನ್ನು ಇಟ್ಟುಕೊಳ್ಳೋಕೆ ಆಗ್ತಿರಲಿಲ್ಲ.

ಹಾಗಾಗಿ ರೆಕಾರ್ಡಿಂಗ್‌ನ ಇತಿಹಾಸ ಅಂದ್ರೆ ಬರೀ ಯಂತ್ರಗಳ ಇತಿಹಾಸ ಅಲ್ಲ. ಯಾರ ಸದ್ದು ಉಳಿಯುತ್ತೆ, ಯಾರದ್ದು ಗಾಳಿಗೆ ಹೋಗುತ್ತೆ ಅನ್ನೋದರ ಇತಿಹಾಸ. ಈಗ ಅರಸೀಕೆರೆಯಲ್ಲಿ ಒಂದು ಸಣ್ಣ ಮನೆ ಅಂದುಕೊಳ್ಳಿ. ಅಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ, ಅಕ್ಕನೋ ಅಣ್ಣನೋ ಓದು ಮುಗಿಸಿ ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್ ಇದೆ, ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ಆ ಮನೆಯ ಸದ್ದು ಉಳಿಯುತ್ತಾ? ಉತ್ತರ ಸಿಗೋಕೆ ನೂರು ವರ್ಷ ಹಿಂದೆ ಹೋಗಬೇಕು.

ಹೋಟೆಲ್ ಕೋಣೆಯಲ್ಲಿ ಶುರುವಾದ ಕೆಲಸ

1902ರ ನವೆಂಬರ್, ಕಲ್ಕತ್ತ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನೋ ರೆಕಾರ್ಡಿಂಗ್ ತಜ್ಞ ಯಂತ್ರಗಳನ್ನು ಹೊತ್ತುಕೊಂಡು ಬಂದಿಳಿದ. ಊರಲ್ಲಿ ಸ್ಟುಡಿಯೋ ಅನ್ನೋದು ಇರಲಿಲ್ಲ. ಒಂದು ಹೋಟೆಲಿನ ಕೋಣೆಗಳನ್ನೇ ಸ್ಟುಡಿಯೋ ಮಾಡಿಕೊಂಡ. ಅಲ್ಲಿ ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬರು. ಆಗ ಮೈಕ್ ಇಲ್ಲ. ದೊಡ್ಡ ಕಹಳೆಯಂಥ ಕೊಳವೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಒಂದು ತಟ್ಟೆಯಲ್ಲಿ ಮೂರು ನಿಮಿಷದಷ್ಟೇ ಜಾಗ. ಹಾಡು ಮುಗೀತಿದ್ದ ಹಾಗೇ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ! ದಾಸೋಜ ಕಲ್ಲಿನಲ್ಲಿ ಮಾಡಿದ ಕೆಲಸವನ್ನು ಇವರು ದನಿಯಲ್ಲಿ ಮಾಡಿದರು.

ಗೌಹರ್ ಜಾನ್ ಕಥೆ ಮುಗಿಯೋದು ನಮ್ಮ ನಾಡಿನಲ್ಲೇ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಆಸ್ಥಾನ ಸಂಗೀತಗಾರ್ತಿಯಾಗಿ ಕರೆಸಿಕೊಂಡರು. 1930ರ ಜನವರಿಯಲ್ಲಿ ಅವರು ಮೈಸೂರಿನಲ್ಲಿ ತೀರಿಕೊಂಡರು. ಅವರ ದನಿ ಇವತ್ತು ನಿಮ್ಮ ಫೋನಿನಲ್ಲೇ ಸಿಗುತ್ತೆ.

ಸದ್ದು ಸಾಲದ ಕಾಲ

ಆ ಕಾಲದ ಕಲಾವಿದರ ದೊಡ್ಡ ತಲೆನೋವು ಏನು ಗೊತ್ತಾ? ಸದ್ದು ಸಾಲದೇ ಇರೋದು. ಸಭಾಂಗಣ ದೊಡ್ಡದಾಗ್ತಾ ಹೋಯ್ತು, ಜನ ಹೆಚ್ಚಿದರು, ಆದರೆ ಧ್ವನಿವರ್ಧಕ ಇನ್ನೂ ಬಂದಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತವರಿಗೆ ಪಿಟೀಲು ಕೇಳಿಸ್ತಾನೇ ಇರಲಿಲ್ಲ.

ತಿರುಮಕೂಡಲು ನರಸೀಪುರದ ಟಿ. ಚೌಡಯ್ಯ, ಅಂದ್ರೆ ನಮ್ಮ ಪಿಟೀಲು ಚೌಡಯ್ಯನವರು, 1927ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿದರು. ತಂತಿ ಹೆಚ್ಚಾದ ಹಾಗೆ ನಾದವೂ ತುಂಬಿಕೊಂಡಿತು, ಹಿಂದಿನ ಸಾಲಿಗೂ ಮುಟ್ಟಿತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಗಿಟಾರ್ ನುಡಿಸೋರಿಗೂ ಇದೇ ಗೋಳು. ಡ್ರಮ್ಸು, ತುತ್ತೂರಿಗಳ ನಡುವೆ ಪಾಪದ ಗಿಟಾರ್ ಯಾರ ಕಿವಿಗೂ ಬೀಳ್ತಿರಲಿಲ್ಲ. ಲಾಸ್ ಏಂಜಲೀಸಿನ ಜಾರ್ಜ್ ಬೋಶಾಂಪ್ ಅನ್ನೋ ಸಂಗೀತಗಾರ ತಂತಿ ಹೆಚ್ಚಿಸೋಕೆ ಹೋಗಲಿಲ್ಲ, ವಿದ್ಯುತ್ತಿನ ಮೊರೆಹೋದ. 1931ರ ಸುಮಾರಿಗೆ ತಂತಿಗಳ ಕೆಳಗೆ ಅಯಸ್ಕಾಂತ, ಅದಕ್ಕೆ ತಾಮ್ರದ ತಂತಿಯ ಸುರುಳಿ ಇಟ್ಟ. ಉಕ್ಕಿನ ತಂತಿ ಅಯಸ್ಕಾಂತದ ಹತ್ತಿರ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತೆ. ಹೈಸ್ಕೂಲಿನಲ್ಲಿ ಓದಿದ ಫ್ಯಾರಡೆ ನೆನಪಾದ್ನಾ? ಅದೇ. ಇದಕ್ಕೆ ಪಿಕಪ್ ಅಂತಾರೆ. 1932ರಲ್ಲಿ ರಿಕನ್‌ಬ್ಯಾಕರ್ ಕಂಪನಿ ಇದನ್ನು ಮಾರಾಟಕ್ಕಿಟ್ಟಿತು. ಅಲ್ಯೂಮಿನಿಯಂನ ಗುಂಡಗಿನ ಮೈ, ಉದ್ದನೆಯ ಹಿಡಿ. ನೋಡಿದ ಜನ ಅದಕ್ಕೆ ಬಾಣಲೆ ಅಂತಲೇ ಹೆಸರಿಟ್ಟರು.

ಇಲ್ಲಿ ಒಂದು ಮಾತು ಮನಸ್ಸಲ್ಲಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ. ಪಿಟೀಲಿನಿಂದ ಹೊರಗೆ ಬರೋದು ಗಾಳಿಯಲ್ಲಿನ ಸದ್ದು. ಎಲೆಕ್ಟ್ರಿಕ್ ಗಿಟಾರಿನ ವೈರಿನಿಂದ ಹೊರಗೆ ಬರೋದು ವಿದ್ಯುತ್. ಅದು ಸದ್ದಾಗೋದು ಆಮೇಲೆ.

ಮೈಸೂರಿನ ಮೇಷ್ಟ್ರ ಮನೆ

ಮನೆಯಲ್ಲೇ ಸ್ಟುಡಿಯೋ ಅನ್ನೋದು ಹೊಸ ಕಾಲದ ಹುಚ್ಚು ಅಂದುಕೊಂಡಿದ್ದರೆ ಇದನ್ನು ಕೇಳಿ. 1935ರ ಸೆಪ್ಟೆಂಬರ್ 10. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. ಮನೆಯ ಹೆಸರು ವಿಠ್ಠಲ ವಿಹಾರ. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್‌ನದ್ದು. ಇವತ್ತು ಮನೆಯಲ್ಲಿ ಉರಿಯೋ ಎರಡು ಮೂರು ಎಲ್‌ಇಡಿ ಬಲ್ಬುಗಳಷ್ಟು! ಮೊದಲ ದಿನ ಕುವೆಂಪು ಕವಿತೆ ವಾಚಿಸಿದರು, ಚೌಡಯ್ಯನವರು ಪಿಟೀಲು ನುಡಿಸಿದರು. ಈ ನಿಲಯಕ್ಕೆ ನಾ. ಕಸ್ತೂರಿಯವರು ಸೂಚಿಸಿದ ಹೆಸರೇ ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯ್ತು.

ಗೋಪಾಲಸ್ವಾಮಿಯವರು ವರ್ಷಗಟ್ಟಲೆ ಇದನ್ನು ಸ್ವಂತ ಖರ್ಚಿನಲ್ಲೇ ನಡೆಸಿದರು. ಆಮೇಲೆ ಮೈಸೂರು ಸಂಸ್ಥಾನ ವಹಿಸಿಕೊಂಡಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯ್ತು. ಒಬ್ಬ ಮೇಷ್ಟ್ರು, ಒಂದು ಮನೆ, ಒಂದು ಪುಟ್ಟ ಯಂತ್ರ. ದೊಡ್ಡ ಸಂಸ್ಥೆ ಬಂದು ಅನುಮತಿ ಕೊಡೋವರೆಗೂ ಅವರು ಕಾಯಲಿಲ್ಲ.

ಮದ್ರಾಸಿನ ರೈಲು

ಇತ್ತ ಅಮೆರಿಕದಲ್ಲಿ ಲೆಸ್ ಪಾಲ್ ಅನ್ನೋ ಗಿಟಾರ್ ವಾದಕ ಹಾಲಿವುಡ್‌ನ ತನ್ನ ಮನೆಯ ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಒಂದು ಸಲ ನುಡಿಸಿದ್ದನ್ನು ಕೇಳುತ್ತಾ ಅದರ ಮೇಲೆ ಇನ್ನೊಂದು ನುಡಿಸೋದು, ಅದರ ಮೇಲೆ ಮತ್ತೊಂದು. ಹೀಗೆ ಒಬ್ಬನೇ ಇಡೀ ಬ್ಯಾಂಡ್ ಆಗಿಬಿಟ್ಟ. 1951ರಲ್ಲಿ ಮೇರಿ ಫೋರ್ಡ್ ಜತೆ ಈ ಥರ ಪದರ ಪದರವಾಗಿ ಮಾಡಿದ 'ಹೌ ಹೈ ದ ಮೂನ್' ದೊಡ್ಡ ಹಿಟ್ ಆಯ್ತು. 1957ರಲ್ಲಿ ಆಂಪೆಕ್ಸ್ ಕಂಪನಿಯಿಂದ ಎಂಟು ಟ್ರ್ಯಾಕಿನ ಟೇಪ್ ಯಂತ್ರ ತರಿಸಿಕೊಂಡ. ಬೆಲೆ ಸುಮಾರು ಹತ್ತು ಸಾವಿರ ಡಾಲರ್. ಮನೆ ಸ್ಟುಡಿಯೋ ಏನೋ ಹೌದು, ಆದರೆ ಶ್ರೀಮಂತನ ಮನೆ.

ನಮ್ಮಲ್ಲಿ? ದಶಕಗಳ ಕಾಲ ಕನ್ನಡ ಸಿನಿಮಾ ಹಾಡು ಅಂದರೆ ಮದ್ರಾಸಿಗೆ ರೈಲು ಹತ್ತಬೇಕು. ಒಳ್ಳೆಯ ಸ್ಟುಡಿಯೋ, ಪಳಗಿದ ವಾದ್ಯಗಾರರು ಎಲ್ಲ ಅಲ್ಲೇ. ಕನ್ನಡದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಆಗ ಗಿಟಾರ್ ನುಡಿಸುತ್ತಾ, ಸಹಾಯಕನಾಗಿ ಕೆಲಸ ಕಲಿಯುತ್ತಿದ್ದ ಯುವಕ ಯಾರು ಅಂತೀರಿ? ಇಳಯರಾಜ! 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ವೆಂಕಟೇಶ್ ಅವರು ಡಾ. ರಾಜ್‌ಕುಮಾರ್ ಅವರಿಂದ ಇಂಗ್ಲಿಷ್ ಹಾಡನ್ನೇ ಹಾಡಿಸಿದರು. ಪಾಶ್ಚಾತ್ಯ ಸದ್ದಿಗೆ ಕನ್ನಡದ ಕಿವಿ ತೆರೆದೇ ಇತ್ತು. ಯಂತ್ರಗಳು ಮಾತ್ರ ಬೇರೆ ಊರಲ್ಲಿದ್ದವು.

ಇದನ್ನು ನೋಡಿ ಸುಮ್ಮನೆ ಕೂರದವರು ಶಂಕರ್ ನಾಗ್. 1980ರ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ಸಂಕೇತ್ ಎಲೆಕ್ಟ್ರಾನಿಕ್ಸ್ ಅನ್ನೋ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ಕನ್ನಡದ ಕೆಲಸ ಕರ್ನಾಟಕದಲ್ಲೇ ಆಗಲಿ ಅನ್ನೋದು ಆಸೆ. ಮದ್ರಾಸಿನ ರೈಲು ತಪ್ಪಿತು. ಆದರೆ ಅರಸೀಕೆರೆಯವನಿಗೆ ಇನ್ನೂ ಬೆಂಗಳೂರಿನ ರೈಲು ತಪ್ಪಲಿಲ್ಲ. ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಹೋಗಿ ಇಳಿದ ಮೇಲೆ ಗಂಟೆ ಲೆಕ್ಕದ ಬಾಡಿಗೆ ಬೇರೆ. ಗಡಿಯಾರ ನೋಡ್ತಾ ನುಡಿಸಿದರೆ ಕೈ ನಡುಗದೇ ಇರುತ್ತಾ?

ಕ್ಯಾಸೆಟ್ಟು ಬಂತು

1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಬಂತು. ಅದು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಇದೇ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವಥ್, ಐಟಿಐ ಕಾರ್ಖಾನೆಯ ಕೆಲಸದ ಜತೆಜತೆಗೇ ಹಾಡಿ, ರಾಗ ಹಾಕಿ, ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿದರು.

ಮಾರನೇ ವರ್ಷ, 1979ರಲ್ಲಿ, ಜಪಾನಿನ ಟಾಸ್ಕಾಮ್ ಕಂಪನಿ ಪೋರ್ಟಾಸ್ಟುಡಿಯೋ ಅನ್ನೋ ಯಂತ್ರ ತಂದಿತು. ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ 'ನೆಬ್ರಾಸ್ಕಾ' ಆಲ್ಬಮ್ಮನ್ನು ಮನೆಯಲ್ಲಿ ಕೂತು ಇದರಲ್ಲೇ ಮಾಡಿದ. ಬ್ಯಾಂಡ್ ಸೇರಿಸಿ ಸ್ಟುಡಿಯೋದಲ್ಲಿ ಮತ್ತೆ ಪ್ರಯತ್ನಿಸಿದರೂ ಕೊನೆಗೆ ಬಿಡುಗಡೆ ಆಗಿದ್ದು ಮನೆಯ ಟೇಪೇ.

ವ್ಯತ್ಯಾಸ ಗಮನಿಸಿ. ಕ್ಯಾಸೆಟ್ಟು ನಮ್ಮ ಮನೆಗಳಿಗೆ ಕೇಳೋಕೆ ಬಂತು. ಮಾಡೋಕೆ ಬರಲಿಲ್ಲ. 1991ರ ಆರ್ಥಿಕ ಸುಧಾರಣೆಗೆ ಮುಂಚೆ ವಿದೇಶಿ ಎಲೆಕ್ಟ್ರಾನಿಕ್ಸ್ ಮೇಲೆ ಭಾರಿ ಆಮದು ಸುಂಕ ಇತ್ತು. ನಾಲ್ಕು ಟ್ರ್ಯಾಕಿನ ಯಂತ್ರ ಸಣ್ಣ ಊರಿನ ಹುಡುಗ ಹುಡುಗಿಯರಿಗೆ ಪತ್ರಿಕೆಯ ಚಿತ್ರದಲ್ಲಿ ನೋಡೋ ವಸ್ತು, ಅಷ್ಟೇ.

ಕಂಪ್ಯೂಟರು ಟೇಪನ್ನು ನುಂಗಿತು

ಆಮೇಲಿನ ಕಥೆ ವೇಗವಾಗಿ ಓಡುತ್ತೆ. 1989ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡ್ ಬಂದು, ಕುಂಯ್ ಕುಂಯ್ ಅಂತಿದ್ದ ಪಿಸಿಗೆ ನಿಜವಾದ ದನಿ ಬಂತು. 1996ರಲ್ಲಿ ಕ್ಯೂಬೇಸ್ ವಿಎಸ್‌ಟಿ ಬಂದು, ಎಫೆಕ್ಟ್ ಪೆಟ್ಟಿಗೆಗಳ ಕೆಲಸವನ್ನು ಸಾಫ್ಟ್‌ವೇರೇ ಮಾಡತೊಡಗಿತು. 2000ದಲ್ಲಿ ಬಂದ ಆಡಾಸಿಟಿ ಪೂರ್ತಿ ಉಚಿತ. 2002ರಲ್ಲಿ ಆಂಪ್ಲಿಟ್ಯೂಬ್ ಬಂತು, ಗಿಟಾರ್ ಆಂಪನ್ನೇ ಸಾಫ್ಟ್‌ವೇರ್ ಮಾಡಿಬಿಟ್ಟಿತು. 2004ರಲ್ಲಿ ಆಪಲ್‌ನ ಗ್ಯಾರೇಜ್‌ಬ್ಯಾಂಡ್. ಹೆಸರು ನೋಡಿ, ಲೆಸ್ ಪಾಲ್‌ನ ಗ್ಯಾರೇಜ್ ನೆನಪಾಗಲ್ವಾ? 2006ರಲ್ಲಿ ರೀಪರ್‌ನ ಮೊದಲ ಪೂರ್ಣ ಆವೃತ್ತಿ ಬಂತು. ಹಳೇ ಕಂಪ್ಯೂಟರಿನಲ್ಲೂ ಓಡುತ್ತೆ. 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಪರವಾನಗಿಗೆ 60 ಡಾಲರ್.

ಒಂದು ಸಣ್ಣ ಲೆಕ್ಕ ಹಾಕೋಣ. ಗಿಟಾರಿನ ಒಂದು ಟ್ರ್ಯಾಕನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತೆ. ನಾಲ್ಕು ನಿಮಿಷದ ಹಾಡಿಗೆ 35 ಎಂಬಿ. ಹಳೇ ಕಾಲದ 100 ಎಂಬಿ ಹಾರ್ಡ್ ಡಿಸ್ಕಿನಲ್ಲಿ ಇಂಥ ಮೂರು ಟ್ರ್ಯಾಕ್ ಕೂಡ ಹಿಡಿಸ್ತಿರಲಿಲ್ಲ. ಇವತ್ತು ಮದುವೆಯ ಒಂದು ವಿಡಿಯೊ ಅದಕ್ಕಿಂತ ದೊಡ್ಡದಿರುತ್ತೆ.

ಇದೇ ಹೊತ್ತಿಗೆ ಬೆಂಗಳೂರು ಗಿಟಾರಿನ ಊರಾಯ್ತು. 1996ರಲ್ಲಿ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, 2002ರಲ್ಲಿ ಸ್ವರಾತ್ಮ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್. ಶಿಶುನಾಳ ಷರೀಫರ ಪದ ಗಿಟಾರಿನ ಜತೆ ಕೂತರೂ ಕನ್ನಡವಾಗೇ ಇರುತ್ತೆ ಅಂತ ಎಷ್ಟೋ ಕಾಲೇಜು ಹುಡುಗರಿಗೆ ಮನವರಿಕೆ ಆಗಿದ್ದು ಆಗಲೇ.

ಹಾಗಾದ್ರೆ ಅರಸೀಕೆರೆಯಲ್ಲಿ?

ಈಗ ಆ ಸಣ್ಣ ಮನೆಗೆ ಬರೋಣ. ಅರಸೀಕೆರೆ ತೆಂಗು, ಕೊಬ್ಬರಿ ಮತ್ತು ರೈಲ್ವೆ ಜಂಕ್ಷನ್ನಿನ ಊರು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ, ಮೈಸೂರಿನ ಮಾರ್ಗ ಬಂದು ಕೂಡೋ ಜಾಗ. ಹಗಲೂ ರಾತ್ರಿ ರೈಲಿನ ಹಾರ್ನ್. ಇಂಥ ಕಡೆ ಮೈಕ್ ಇಟ್ಟು ಪಿಟೀಲು ರೆಕಾರ್ಡ್ ಮಾಡೋದು ಕಷ್ಟ. ಕುಕ್ಕರ್ ಸೀಟಿ, ಪಕ್ಕದ ಮನೆಯ ಧಾರಾವಾಹಿ ಎಲ್ಲ ಒಳಗೆ ಬರುತ್ತೆ.

ಆದರೆ ಎಲೆಕ್ಟ್ರಿಕ್ ಗಿಟಾರಿಗೆ ಆ ತೊಂದರೆನೇ ಇಲ್ಲ! ಅದರಿಂದ ಬರೋದು ವಿದ್ಯುತ್ ಅಂದೆವಲ್ಲ. ಅದನ್ನು ನೇರವಾಗಿ ಕಂಪ್ಯೂಟರಿಗೆ ಕೊಟ್ಟರೆ ಎಷ್ಟೇ ರೈಲು ಹೋದರೂ ರೆಕಾರ್ಡಿಂಗಿನಲ್ಲಿ ಕೇಳಿಸಲ್ಲ. 1968ರಲ್ಲಿ ಬೀಟಲ್ಸ್ ತಂಡ 'ರೆವಲ್ಯೂಷನ್' ಹಾಡಿಗೆ ಆಂಪ್ ಬಿಟ್ಟು ಗಿಟಾರನ್ನು ನೇರ ಸ್ಟುಡಿಯೋದ ಮಿಕ್ಸಿಂಗ್ ಮೇಜಿಗೇ ಸಿಕ್ಕಿಸಿತ್ತು. ವಾದ್ಯಗಳಲ್ಲೆಲ್ಲ ಸಣ್ಣ ಮನೆಗೆ, ಗಲಾಟೆಯ ಬೀದಿಗೆ ಹೇಳಿ ಮಾಡಿಸಿದ್ದು ಎಲೆಕ್ಟ್ರಿಕ್ ಗಿಟಾರೇ.

ಇನ್ನು ಖರ್ಚು ಎಲ್ಲಿ ಮಾಡಬೇಕು, ಎಲ್ಲಿ ಬೇಡ ಅಂತ ನೋಡೋಣ. ಮೊದಲು ಹೊಸ ತಂತಿ ಹಾಕಿ, ಶ್ರುತಿ ಸರಿ ಮಾಡಿ. ಹಳೇ ತುಕ್ಕು ತಂತಿಯನ್ನು ಯಾವ ಸಾಫ್ಟ್‌ವೇರೂ ಸರಿ ಮಾಡಲ್ಲ. ಎರಡನೆಯದು ಆಡಿಯೊ ಇಂಟರ್‌ಫೇಸ್ ಅನ್ನೋ ಪುಟ್ಟ ಪೆಟ್ಟಿಗೆ. ಇದನ್ನು ತಪ್ಪಿಸೋಕೆ ಹೋಗಬೇಡಿ. ಗಿಟಾರಿನ ಪಿಕಪ್ಪಿಗೆ ಸುಮಾರು 10 ಲಕ್ಷ ಓಮ್ ತಡೆ ಇರೋ ಇನ್‌ಪುಟ್ ಬೇಕು. ಲ್ಯಾಪ್‌ಟಾಪಿನ ಮೈಕ್ ತೂತಿನಲ್ಲಿ ಇರೋದು ಕೆಲವು ಸಾವಿರ ಓಮ್ ಅಷ್ಟೇ. ಅಲ್ಲಿಗೇ ಸಿಕ್ಕಿಸಿದರೆ ಸದ್ದಿನ ಹೊಳಪೆಲ್ಲ ಹೋಗಿ, ಕಂಬಳಿ ಹೊದ್ದ ಹಾಗೆ ಕೇಳಿಸುತ್ತೆ. ಇನ್‌ಸ್ಟ್ರುಮೆಂಟ್ ಅಂತ ಗುರುತಿರುವ ಇನ್‌ಪುಟ್ ಇದೆಯಾ ನೋಡಿಕೊಂಡು ತಗೊಳ್ಳಿ. ಸಾಧಾರಣ ಸ್ಮಾರ್ಟ್‌ಫೋನಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತೆ. ಮೂರನೆಯದು ಒಂದು ಮಟ್ಟಿಗಿನ ವೈರ್ ಇರೋ ಹೆಡ್‌ಫೋನ್. ಬ್ಲೂಟೂತ್ ಬೇಡ, ಸದ್ದು ತಡವಾಗಿ ಬರುತ್ತೆ.

ಆಂಪ್‌ಗೆ ಸದ್ಯಕ್ಕೆ ಖರ್ಚು ಬೇಡ. ನ್ಯೂರಲ್ ಆಂಪ್ ಮಾಡಲರ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ನಿಜವಾದ ಆಂಪುಗಳ ವರ್ತನೆಯನ್ನು ಕಲಿತು ಅದೇ ಥರ ನುಡಿಯುತ್ತೆ. ಅದರ ಮುಂದೆ ಸ್ಪೀಕರ್ ಪೆಟ್ಟಿಗೆಯ ಗುಣವನ್ನು ಸೇರಿಸೋ ಇಂಪಲ್ಸ್ ರೆಸ್ಪಾನ್ಸ್ ಫೈಲ್ ಹಾಕಲೇಬೇಕು. ಇಲ್ಲದಿದ್ರೆ ಗರಗಸದ ಹಾಗೆ ಕಿವಿಗೆ ಕುಯ್ಯುತ್ತೆ.

ನುಡಿಸಿದ ಎಷ್ಟೋ ಹೊತ್ತಿಗೆ ಸದ್ದು ಕೇಳಿಸಿದ್ರೆ ಬಫರ್ ಕಡಿಮೆ ಮಾಡಿ. 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಅಂದ್ರೆ ಒಳಗೆ ಬರೋಕೆ, ಹೊರಗೆ ಹೋಗೋಕೆ ಸೇರಿ ಸುಮಾರು 11 ಮಿಲಿಸೆಕೆಂಡ್. ಆಂಪಿನಿಂದ ಮೂರೂವರೆ ಮೀಟರ್ ದೂರ ನಿಂತು ನುಡಿಸಿದಷ್ಟೇ ತಡ, ಕೈಗೆ ಒಗ್ಗುತ್ತೆ. ರೈಲಿನ ಸದ್ದು ಬರಲ್ಲ ಅಂದೆ, ಆದರೆ ಕರೆಂಟಿನ ಗುಂಯ್ ಬರುತ್ತೆ. ಟ್ಯೂಬ್‌ಲೈಟ್ ಆರಿಸಿ, ಇನ್ವರ್ಟರಿನಿಂದ ದೂರ ಕೂತು, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಮನೆಯಲ್ಲಿ ಸಿಗದ ಒಂದು ವಸ್ತು

ಹಾಗಂತ ಸ್ಟುಡಿಯೋಗಳು ಬೇಡ ಅಂತಲ್ಲ. ಡ್ರಮ್ಸಿಗೆ, ಹಾಡುಗಾರಿಕೆಗೆ ಒಳ್ಳೆಯ ಕೋಣೆ ಬೇಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ಸ್ಟುಡಿಯೋದಲ್ಲಿ ಗಾಜಿನ ಆಚೆ ಒಬ್ಬ ಎಂಜಿನಿಯರ್ ಕೂತಿರ್ತಿದ್ದ. "ಚೆನ್ನಾಗಿತ್ತು, ಆದ್ರೆ ಇನ್ನೊಂದ್ ಸಲ" ಅಂತಿದ್ದ. ಮನೆಯಲ್ಲಿ ಆ ಎರಡನೇ ಕಿವಿ ಇಲ್ಲ. ರೀಟೇಕಿಗೆ ದುಡ್ಡಿಲ್ಲ ಅಂತ ನೂರು ಸಲ ನುಡಿಸಿ, ಯಾವುದೂ ಒಪ್ಪಿಗೆಯಾಗದೆ, ಹಾಡು ಮುಗಿಸದೇ ಬಿಟ್ಟವರು ಎಷ್ಟೋ ಮಂದಿ. ಅಗ್ಗದ ಯಂತ್ರ ಕೊಡೋ ದುಬಾರಿ ಸಮಸ್ಯೆ ಇದು. ಹಾಗಾಗಿ ಒಬ್ಬ ಸ್ನೇಹಿತನನ್ನೋ, ಸಂಗೀತ ಗೊತ್ತಿರೋ ಊರ ಮೇಷ್ಟ್ರನ್ನೋ ಕೂರಿಸಿಕೊಂಡು ಕೇಳಿಸಿ. ಇಂತಿಷ್ಟು ದಿನದಲ್ಲಿ ಮುಗಿಸ್ತೀನಿ ಅಂತ ನೀವೇ ಗಡುವು ಹಾಕಿಕೊಳ್ಳಿ.

ಕೊನೆಯದಾಗಿ ಎರಡು ಮಾತು. ಬೇಲೂರಿನ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತೆ. ನೀವು ಆಂಪ್ ಸೇರಿಸದೆ ಉಳಿಸಿಕೊಂಡ ನೇರ ಗಿಟಾರ್ ಟ್ರ್ಯಾಕ್ ಯಾವತ್ತೂ ಗಟ್ಟಿಯಾಗದ ಕಲ್ಲಿನ ಹಾಗೆ. ಹತ್ತು ವರ್ಷ ಬಿಟ್ಟು ಬೇರೆ ಆಂಪ್, ಬೇರೆ ಸದ್ದು ಕೊಟ್ಟು ಮತ್ತೆ ಕಡೆಯಬಹುದು. ಅದನ್ನು ಅಳಿಸಬೇಡಿ, ಎರಡು ಬೇರೆ ಬೇರೆ ಕಡೆ ನಕಲು ಇಡಿ. ಕಲ್ಲಿಗೆ ಇರೋ ಆಯಸ್ಸು ಫೈಲಿಗೆ ಇಲ್ಲ.

ಮತ್ತೆ, ಫೈಲಿಗೆ 'ಫೈನಲ್ ನ್ಯೂ 2' ಅಂತ ಹೆಸರಿಡಬೇಡಿ. ನುಡಿಸಿದವರ ಹೆಸರು, ಊರು, ತಾರೀಖು ಬರೆಯಿರಿ. ಮದ್ದಳೆ ನುಡಿಸಿದವರಿಗೆ ಸಿಗದ ಅವಕಾಶ ಇದು. ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು, ಎಲ್ಲೇ ಇರಿ, ಊರಿನ ಹೆಸರು ಹಾಡಿನ ಜತೆಗಿರಲಿ.

ಇವತ್ತಿಗೆ ಇಷ್ಟು. ಸಂಚಿಕೆ ಇಷ್ಟವಾದರೆ ಗಿಟಾರ್ ಹಿಡಿದು ಮೂಲೆಯಲ್ಲಿ ಕೂತಿರೋ ನಿಮ್ಮ ಗೆಳೆಯರಿಗೂ ಕಳಿಸಿ.